ಗಾಡಿ ಬಡಿಯಲಿಲ್ಲ, ಕಬ್ಬು ಬಿತ್ತು: ಹೊಣೆ ಯಾರದು?

ಪ್ರಶ್ನೆ: ಅಕ್ಕಾರ, ನಮ್ಮೂರು ಜಮಖಂಡಿ ತಾಲ್ಲೂಕಿನಾಗ ಐತಿ. ನಮ್ಮ ಯಜಮಾನ್ರು ಟೇಲರ್, ವಯಸ್ಸು 43. ಡಿಸೆಂಬರ್ ಮೊದಲ ವಾರದಾಗ ಸಂಜೀ ಏಳರ ಸುಮಾರಿಗೆ ಅಂಗಡಿ ಮುಚ್ಚಿ ಬೈಕ್ ಮ್ಯಾಲೆ ಬರ್ತಿದ್ರು. ಎದುರಿಗೆ ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಬಂತು. ರಸ್ತೆ ತಗ್ಗಿನಾಗ ಹಿಂದಿನ ಟ್ರೇಲರ್ ವಾಲಿ ಕಬ್ಬು ಇವರ ಮೈಮ್ಯಾಲೆ ಜಾರಿತು. ಟ್ರ್ಯಾಕ್ಟರ್ ಇವರಿಗೆ ಮುಟ್ಟೇ ಇಲ್ಲ. ಬಲಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕ್ಯಾರ, ಕತ್ತರಿ ಹಿಡಿಯಾಕ ಆಗವಲ್ದು. ಟ್ರ್ಯಾಕ್ಟರ್ ಮಾಲಕರು ನಮ್ಮೂರಿನವರೇ. ಹಿರಿಯರು ಕೂಡಿ 30 ಸಾವಿರ ಕೊಡಸ್ತೀವಿ, ಕೇಸ್ ಬ್ಯಾಡ ಅಂದ್ರು. ಅವರ ಮಾತು ಕೇಳಿ 12 ದಿನ ಸುಮ್ಮನಿದ್ವಿ. ರೊಕ್ಕ ಬರಲಿಲ್ಲ, ಆಮ್ಯಾಲೆ ದೂರು ಕೊಟ್ಟೀವಿ. ಇನ್ಶೂರೆನ್ಸ್ ಏಜೆಂಟ್ ಒಬ್ರು 'ಗಾಡಿ ಬಡಿದಿಲ್ಲ, ಕಬ್ಬು ಬಿದ್ದದ್ದು, ಇದು ಆಕ್ಸಿಡೆಂಟ್ ಆಗೂದಿಲ್ಲ' ಅಂತಾರ. ಮಾಲಕರು 'ಹೇರಿದ್ದು ಕಬ್ಬು ಕಡಿಯೋ ಟೋಳಿಯವರು, ಅವರನ್ನ ಕೇಳ್ರಿ' ಅಂತಾರ. ಟೋಳಿ ಬ್ಯಾರೆ ಕಡೆ ಹೋಗೇತಿ. ನಾವು ಯಾರನ್ನ ಕೇಳೂದು?
ಹೆಸರು ಬೇಡ, ಜಮಖಂಡಿ ತಾಲ್ಲೂಕು

ಉತ್ತರ: ತಂಗಿ, ಮೊದಲು ಕ್ಯಾಲೆಂಡರ್ ನೋಡಿ. ಅಪಘಾತವಾದ ದಿನದಿಂದ ಆರು ತಿಂಗಳ ಒಳಗೆ ಪರಿಹಾರದ ಅರ್ಜಿ ಕೋರ್ಟಿಗೆ ಬೀಳಬೇಕು. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಈ ಗಡುವು ಇದೆ. ಇದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ, ಆದರೆ ಅದನ್ನು ನೆಚ್ಚಿ ಕೂರಬೇಡಿ. ನಿಮಗೆ ಜೂನ್ ಮೊದಲ ವಾರ ಕೊನೆ. ಮೇ ತಿಂಗಳಲ್ಲಿ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ ಇರುತ್ತದೆ, ಆದ್ದರಿಂದ ಏಪ್ರಿಲ್ ಒಳಗೇ ಮುಗಿಸಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು.

ಇನ್ನು ಆ ಏಜೆಂಟರ ಮಾತು. ಗಾಡಿಯೇ ಬಂದು ಬಡಿಯಬೇಕು ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಅಲ್ಲಿ ಇರುವುದು ಮೋಟಾರು ವಾಹನದ ಬಳಕೆಯಿಂದ ಆದ ಅಪಘಾತ ಎಂಬ ಅರ್ಥದ ಮಾತು. 'ಬಳಕೆ' ಎಂದರೆ ಎಲ್ಲಿಯವರೆಗೆ ಎಂಬುದು ತೀರ್ಮಾನವಾಗಿ ಮೂರು ದಶಕವೇ ಕಳೆದಿದೆ. 1987ರ ಅಕ್ಟೋಬರ್‌ನಲ್ಲಿ ಪುಣೆ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರ್ ನಸುಕಿನ 3 ಗಂಟೆ ಸುಮಾರಿಗೆ ಎದುರಿನ ಲಾರಿಗೆ ತಾಗಿ ರಸ್ತೆಯ ಕೆಳಗೆ ಮಗುಚಿತು. ಪೆಟ್ರೋಲ್ ಸೋರುತ್ತಲೇ ಇತ್ತು. ಸುಮಾರು ನಾಲ್ಕು ತಾಸು ಕಳೆದ ಮೇಲೆ ಬೆಂಕಿ ಹತ್ತಿ ಸ್ಫೋಟವಾಗಿ, ಸುತ್ತ ನೆರೆದಿದ್ದವರಲ್ಲಿ ಹಲವರು ಸತ್ತರು. ಮಗುಚಿ ಬಿದ್ದ ಟ್ಯಾಂಕರ್ ಆಗ ಬಳಕೆಯಲ್ಲೇ ಇರಲಿಲ್ಲ ಎಂದು ವಿಮಾ ಕಂಪನಿಯ ಕಡೆಯವರು ವಾದಿಸಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಅದೂ ವಾಹನದ ಬಳಕೆಯಿಂದಲೇ ಆದ ಅಪಘಾತ ಎಂದಿತು. ಅಂಥಾದ್ದರಲ್ಲಿ ಓಡುತ್ತಿದ್ದ ಟ್ರೇಲರ್ ಮೇಲಿಂದ ಜಾರಿದ ಕಬ್ಬಿನ ಬಗ್ಗೆ ಅನುಮಾನ ಯಾಕೆ? ಟ್ರೇಲರ್ ಕೂಡ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮೋಟಾರು ವಾಹನವೇ. ಏಜೆಂಟರಿಗೆ ಇಷ್ಟು ಹೇಳಿ ಕಳಿಸಿ.

ತಪ್ಪು ಯಾರದು ಎಂಬ ಮಾತಿಗೆ ಬರುತ್ತೇನೆ. ವಕೀಲರೆಲ್ಲ ಓದುವಾಗ ಕಲಿಯುವ ಒಂದು ಹಳೆಯ ಪ್ರಕರಣವಿದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಗೋದಾಮಿನ ಮೇಲಂತಸ್ತಿನಿಂದ ಹಿಟ್ಟಿನ ಪೀಪಾಯಿಯೊಂದು ದಾರಿಹೋಕನ ಮೇಲೆ ಬಿತ್ತು. ಯಾರ ಅಜಾಗರೂಕತೆ, ಹೇಗಾಯಿತು ಎಂದು ಪೆಟ್ಟು ತಿಂದವನಿಗೆ ಗೊತ್ತಿರಲು ಹೇಗೆ ಸಾಧ್ಯ? ಯಾರೂ ತಪ್ಪು ಮಾಡದೆ ಪೀಪಾಯಿ ಬೀಳುವುದಿಲ್ಲ, ನಮ್ಮ ತಪ್ಪಿಲ್ಲ ಎನ್ನುವುದಾದರೆ ಗೋದಾಮಿನವರೇ ತೋರಿಸಲಿ ಎಂದು 1863ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಘಟನೆಯೇ ತನ್ನ ಕಥೆ ಹೇಳುತ್ತದೆ ಎಂಬ ಈ ನ್ಯಾಯವನ್ನು ನಮ್ಮ ಸುಪ್ರೀಂ ಕೋರ್ಟ್ ಕೂಡ ರಸ್ತೆ ಅಪಘಾತಗಳಿಗೆ ಅನ್ವಯಿಸಿದೆ. ಸರಿಯಾಗಿ ಹೇರಿ ಕಟ್ಟಿದ ಕಬ್ಬು ಜಾರುವುದಿಲ್ಲ.

ನನ್ನ ಅಪ್ಪ ಲಾರಿ ಓಡಿಸುತ್ತಿದ್ದರು, ಹುಬ್ಬಳ್ಳಿಯಿಂದ ಮುಂಬೈಗೆ ಹತ್ತಿ ಅಂಡಿಗೆ. ಹಗ್ಗ ಬಿಗಿದು ಹೊರಟ ಮೇಲೆ ಹತ್ತು ಹದಿನೈದು ಕಿಲೋಮೀಟರಿಗೆ ಒಮ್ಮೆ ಗಾಡಿ ಬದಿಗೆ ಹಾಕುತ್ತಿದ್ದರು. ಕುಲುಕಾಟಕ್ಕೆ ಲೋಡು ಕೂತುಕೊಳ್ಳುತ್ತದೆ, ಹೊರಡುವಾಗ ತಂತಿಯ ಹಾಗೆ ಬಿಗಿಯಿದ್ದ ಹಗ್ಗ ಅಷ್ಟರಲ್ಲಿ ಸಡಿಲವಾಗಿರುತ್ತದೆ. ಶಾಲೆಯ ರಜೆಯಲ್ಲಿ ಒಮ್ಮೆ ಜೊತೆಗೆ ಹೋಗಿದ್ದಾಗ ನನ್ನ ನಾಲ್ಕು ಬೆರಳನ್ನು ಹಗ್ಗದ ಕೆಳಗೆ ತೂರಿಸಿ, 'ನೋಡು, ಇಷ್ಟು ಸಂದಿ ಸಾಕು ಒಂದು ಮನೆ ಹಾಳು ಮಾಡಲಿಕ್ಕೆ' ಎಂದಿದ್ದರು. ಮತ್ತೆ ಬಿಗಿದ ಮೇಲೆ ಕಿರುಬೆರಳೂ ತೂರಲಿಲ್ಲ. ಕಬ್ಬು ಹತ್ತಿಗಿಂತ ಕಷ್ಟದ ಲೋಡು. ಜಲ್ಲೆಯ ಮೈಮೇಲೆ ಬೂದಿ ಬಣ್ಣದ ಮೇಣದಂಥ ಪದರ ಇರುತ್ತದೆ, ಒಂದರ ಮೇಲೊಂದು ಜಾರುವುದೇ ಅದರ ಗುಣ. ಅದನ್ನು ಟ್ರೇಲರಿನ ಬದಿಗಿಂತ ಆಳೆತ್ತರ ಹೇರಿ, ಮೇಲೊಂದು ಹಗ್ಗ ಹಾಯಿಸಿ, ಕತ್ತಲಲ್ಲಿ ತಗ್ಗುದಿಣ್ಣೆಯ ರಸ್ತೆಗೆ ಬಿಟ್ಟರೆ ಏನಾಗುತ್ತದೆ ಎಂದು ಗೊತ್ತಿಲ್ಲದ ಚಾಲಕ ಯಾರೂ ಇಲ್ಲ. ಪಾಟೀ ಸವಾಲಿನಲ್ಲಿ ನಾನು ಚಾಲಕರಿಗೆ ತಪ್ಪದೆ ಕೇಳುವ ಪ್ರಶ್ನೆ ಒಂದೇ: ಹೊಲದಿಂದ ಹೊರಟ ಮೇಲೆ ಹಗ್ಗ ನೋಡಲು ಎಲ್ಲಿ ನಿಲ್ಲಿಸಿದಿರಿ? ಇಷ್ಟು ವರ್ಷದಲ್ಲಿ ಊರಿನ ಹೆಸರು ಹೇಳಿ ಉತ್ತರ ಕೊಟ್ಟವರು ಇಬ್ಬರು ಮಾತ್ರ.

ಟೋಳಿಯವರು ಹೇರಿದರು ಎಂಬುದು ಮಾಲಕರು ಮತ್ತು ಟೋಳಿಯವರ ನಡುವಿನ ಲೆಕ್ಕ, ಅದರಲ್ಲಿ ನೀವು ಸಿಕ್ಕಿಕೊಳ್ಳಬೇಕಿಲ್ಲ. ಹೇರಿದ ಗಾಡಿಯನ್ನು ಹಾಗೇ ರಸ್ತೆಗೆ ತಂದವನು ಚಾಲಕ, ಅವನು ಯಾರ ಕೆಲಸದ ಮೇಲಿದ್ದನೋ ಆ ಮಾಲಕ ಅವನ ತಪ್ಪಿಗೆ ಹೊಣೆ, ಮಾಲಕರ ಪರವಾಗಿ ವಿಮಾ ಕಂಪನಿ. ಮೂವರನ್ನೂ ಅರ್ಜಿಯಲ್ಲಿ ಎದುರುದಾರರನ್ನಾಗಿ ಮಾಡಿ. ಮಿತಿ ಮೀರಿದ ತೂಕವಿದ್ದರೆ, ಅದು ಮಾಲಕರಿಗೆ ಗೊತ್ತಿದ್ದೇ ಅಥವಾ ಅವರ ಅಪ್ಪಣೆಯಿಂದಲೇ ಆಯಿತೆಂದು ಕೋರ್ಟ್ ಭಾವಿಸಬಹುದು ಎಂದು 113ನೇ ಕಲಮು ಹೇಳುತ್ತದೆ. ತೂಕಕ್ಕೆ ಸಾಕ್ಷಿ ಎಲ್ಲಿ ಎನ್ನುತ್ತೀರಾ? ಕಾರ್ಖಾನೆಯ ಗೇಟಿನಲ್ಲಿ ಪ್ರತಿ ಖೇಪಿಗೂ ತೂಕದ ಚೀಟಿ ಆಗುತ್ತದೆ. ಅದೇ ಟ್ರ್ಯಾಕ್ಟರಿನ ಹಿಂದಿನ ಖೇಪುಗಳ ಚೀಟಿಯನ್ನು ಕೋರ್ಟಿನ ಮೂಲಕ ತರಿಸಿ, ಆರ್‌ಸಿಯಲ್ಲಿ ಬರೆದ ತೂಕದ ಪಕ್ಕ ಇಟ್ಟರೆ ಮಾತಾಡಬೇಕಾದ್ದೇ ಇರುವುದಿಲ್ಲ. ಕಾರ್ಖಾನೆಯನ್ನೂ ಸೇರಿಸಬೇಕೇ ಎಂಬುದು ವಾಹನ ಯಾರ ಹತೋಟಿಯಲ್ಲಿತ್ತು ಎಂಬುದರ ಮೇಲೆ ನಿಲ್ಲುತ್ತದೆ. ಸಾಗಣೆ ಕರಾರಿನ ಪ್ರತಿ ನೋಡದೆ ಸೇರಿಸುವುದು ಬೇಡ, ಕೇಸು ಉದ್ದವಾಗುತ್ತದಷ್ಟೇ.

ದೂರು 12 ದಿನ ತಡವಾದದ್ದಕ್ಕೆ ಅಂಜಬೇಡಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು, ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆಯೇ ಹೊರತು ಠಾಣೆಗಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಿರಿಯರ ಮಾತುಕತೆ ನಡೆದದ್ದನ್ನು ಹಾಗೇ ಹೇಳಿ, ಮುಚ್ಚಿಡಬೇಡಿ.

ನನಗೆ ನಿಜವಾಗಿ ಅಂಜಿಕೆ ಇರುವುದು ಆಸ್ಪತ್ರೆಯ ಒಂದು ಸಾಲಿನ ಬಗ್ಗೆ. ಮೊದಲ ದಿನ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ) ರಿಜಿಸ್ಟರಿನಲ್ಲಿ, ಕೇಸ್ ಶೀಟಿನಲ್ಲಿ ಗಾಯ ಹೇಗಾಯಿತು ಎಂದು ಬರೆದಿದ್ದಾರೆ ನೋಡಿ. ಕರೆತಂದವರು ಗಾಬರಿಯಲ್ಲಿ 'ಬೈಕಿಂದ ಬಿದ್ರು' ಎಂದಿರುತ್ತಾರೆ, ಡ್ಯೂಟಿ ಡಾಕ್ಟರು 'ತಾನಾಗಿ ಬಿದ್ದು ಗಾಯ' ಎಂದು ಬರೆದುಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಹುಲ್ಲಿನ ಲೋಡು ಬಿದ್ದು ಸೊಂಟ ಮುರಿದುಕೊಂಡ ಹಾಲಿನ ಹುಡುಗನ ಕೇಸನ್ನು ನಾನು ಇದೇ ಒಂದು ಸಾಲಿಗೆ ಸೋತೆ. ಆ ಡಾಕ್ಟರನ್ನು ಸಾಕ್ಷಿಗೆ ಕರೆಸದೆ ಬಿಟ್ಟದ್ದು ನನ್ನದೇ ತಪ್ಪು, ಆ ಹುಡುಗನ ಮುಖ ಈಗಲೂ ಕಣ್ಣೆದುರಿಗಿದೆ. ನಿಮ್ಮ ಕಾಗದದಲ್ಲೂ ಹಾಗಿದ್ದರೆ ವಕೀಲರಿಗೆ ಮೊದಲ ದಿನವೇ ಹೇಳಿ. ಕರೆದೊಯ್ದವರನ್ನು, ಬರೆದ ಡಾಕ್ಟರನ್ನು ಸಾಕ್ಷಿ ಕಟ್ಟೆಗೆ ತರಬೇಕು.

ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಟ್ರ್ಯಾಕ್ಟರಿಗೆ ಹಾನಿ ಇಲ್ಲ ಎಂದಿರುತ್ತದೆ, ಅದನ್ನು ಹಿಡಿದು ಕಂಪನಿ ವಕೀಲರು ಎಳೆದಾಡುತ್ತಾರೆ. ಕಬ್ಬು ಬಿದ್ದರೆ ಟ್ರ್ಯಾಕ್ಟರಿಗೆ ಹಾನಿ ಏಕಾಗಬೇಕು? ಅದೇ ವರದಿಯಲ್ಲಿ ಯಂತ್ರದೋಷ ಇಲ್ಲ ಎಂದೂ ಇದ್ದರೆ ನಿಮಗೇ ಅನುಕೂಲ: ಗಾಡಿ ಸರಿಯಿತ್ತು, ಹೇರಿದ್ದು ಸರಿಯಿರಲಿಲ್ಲ ಎಂದಾಯಿತು. ಇನ್ನೊಂದು. ಎರಡು ಟ್ರೇಲರ್ ಇದ್ದರೆ ಟ್ರ್ಯಾಕ್ಟರ್ ಸೇರಿ ಮೂರು ನೋಂದಣಿ ಸಂಖ್ಯೆ ಇರಬೇಕು. ಮೂರೂ ಪೊಲೀಸ್ ಕಾಗದದಲ್ಲಿ ಬಂದಿವೆಯೇ, ಕಬ್ಬು ಬಿದ್ದ ಹಿಂದಿನ ಟ್ರೇಲರಿಗೆ ವಿಮೆ ಇದೆಯೇ ಎಂದು ನೋಡಿ. ವಿಮೆ ಇಲ್ಲದ ಗಾಡಿಯ ಜಾಗದಲ್ಲಿ ವಿಮೆ ಇರುವ ಬೇರೆ ಗಾಡಿ ತೋರಿಸೋಣ ಎಂದು ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸಿ. ಅದು ಮೋಸ. ಸಿಕ್ಕಿಬಿದ್ದರೆ ಪರಿಹಾರವೂ ಹೋಗುತ್ತದೆ, ನಿಮ್ಮ ಮೇಲೇ ಕೇಸಾಗುತ್ತದೆ. ಪಾಲಿಸಿಯ ಷರತ್ತು ಮುರಿದಿದ್ದಾರೆ ಎಂದು ಕಂಪನಿ ತಕರಾರು ತೆಗೆದರೂ, ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲಕರಿಂದ ವಸೂಲು ಮಾಡಿಕೊಳ್ಳಿ ಎಂದು ಆದೇಶಿಸಲು ದಾರಿ ಇದೆ. 2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠ ಅದನ್ನು ಎತ್ತಿಹಿಡಿದಿದೆ. ಆದರೆ ಟ್ರೇಲರಿಗೆ ಪಾಲಿಸಿಯೇ ಇಲ್ಲವೆಂದಾದರೆ ಜಗ್ಗಾಟ ಜೋರಾಗುತ್ತದೆ, ಅದಕ್ಕೇ ಮೊದಲೇ ನೋಡಿಕೊಳ್ಳಿ ಎಂದೆ.

ಈಗ ಹಿರಿಯರು ಹೇಳಿದ 30 ಸಾವಿರದ ಮಾತು. ಲೆಕ್ಕ ಹಾಕಿ ತೋರಿಸುತ್ತೇನೆ. ಯಜಮಾನರ ದುಡಿಮೆ ತಿಂಗಳಿಗೆ 15,000 ಎಂದಿಟ್ಟುಕೊಳ್ಳೋಣ, ವರ್ಷಕ್ಕೆ 1,80,000. 40ರಿಂದ 50ರ ನಡುವಿನ ಸ್ವಂತ ದುಡಿಮೆಯವರಿಗೆ ಮುಂದಿನ ಗಳಿಕೆಗೆಂದು ಶೇ 25 ಸೇರಿಸುತ್ತಾರೆ, 2,25,000 ಆಯಿತು. 43 ವಯಸ್ಸಿಗೆ ಗುಣಕ, ಅಂದರೆ ವರ್ಷದ ಗಳಿಕೆಯನ್ನು ಗುಣಿಸುವ ಅಂಕಿ, 14. ದುಡಿಯುವ ಶಕ್ತಿ ಶೇ 20 ಕುಗ್ಗಿದೆ ಎಂದು ಕೋರ್ಟ್ ಒಪ್ಪಿದರೆ ಅದೊಂದೇ ಬಾಬ್ತಿಗೆ 6,30,000. ಆಸ್ಪತ್ರೆ ಖರ್ಚು, ನೋವು, ಅಂಗಡಿ ಮುಚ್ಚಿದ್ದ ತಿಂಗಳುಗಳ ನಷ್ಟ ಬೇರೆ. ಕೈಗೆ ಎಷ್ಟು ಊನ ಎಂದು ಡಾಕ್ಟರು ಕೊಡುವ ಅಂಕಿಯೇ ಕೊನೆಯಲ್ಲ, ಆ ಊನ ಆ ಮನುಷ್ಯನ ಕಸುಬಿಗೆ ಏನು ಮಾಡಿತು ಎಂದು ನೋಡಬೇಕು ಎನ್ನುತ್ತದೆ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು. ಬಲಗೈ ಮಣಿಕಟ್ಟು ಟೇಲರ್‌ಗೆ ಎಂಥದ್ದು ಎಂದು ನಾನು ಹೇಳಬೇಕೇ? ಹೊಲಿಗೆಯ ಅಳತೆ ಪುಸ್ತಕ ಬಿಸಾಡಬೇಡಿ. ದಿನಕ್ಕೆ ಎಷ್ಟು ಬ್ಲೌಸು, ಎಷ್ಟು ಅಂಗಿ ಹೊಲಿಯುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಹಿರಿಯರಿಗೆ ನೀವು ಹೇಳಬೇಕಾದ್ದು ಇಷ್ಟು: ವಿಮೆ ಸರಿಯಿದ್ದರೆ ರೊಕ್ಕ ಕೊಡುವುದು ಕಂಪನಿ, ಊರಿನವರ ಮನೆ ಮುರಿಯುವುದಿಲ್ಲ. ಕಂಪನಿಗೆ ಮಾಲಕರು ಪ್ರೀಮಿಯಂ ಕಟ್ಟಿರುವುದೇ ಇಂಥ ದಿನಕ್ಕೆ. ಬಾಂಡ್ ಪೇಪರಿನ ಮೇಲೆ 'ಇನ್ನು ಯಾವ ತಕರಾರೂ ಇಲ್ಲ' ಎಂದು ಸಹಿ ಮಾತ್ರ ಹಾಕಬೇಡಿ. ವಕೀಲರ ಫೀ ಕೊಡಲಾಗದಿದ್ದರೆ ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಕೊಡಿ ಎಂದು ಯಾರಾದರೂ ವಕೀಲರು ಕೇಳಿದರೆ, ಅದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ನನ್ನ ವೃತ್ತಿಯವರೇ ಆದರೂ ಹೇಳುತ್ತೇನೆ, ಒಪ್ಪಬೇಡಿ.

ಪ್ರಶ್ನೆ: ಮೇಡಂ, ತುಮಕೂರಿನಲ್ಲಿ ನನ್ನದೊಂದು ಟಾಟಾ ಏಸ್ ಇದೆ, ನಾನೇ ಓಡಿಸುತ್ತೇನೆ. ಕಬ್ಬಿಣದ ಅಂಗಡಿಯವರು ಕಟ್ಟಡದ ರಾಡ್ ಹಾಕಿ ಕಳಿಸುತ್ತಾರೆ. ಹಿಂದೆ ಚಾಚಿಕೊಂಡಿರುತ್ತದೆ, ತುದಿಗೆ ಕೆಂಪು ಬಟ್ಟೆ ಕಟ್ಟುತ್ತೇನೆ. ಹಾಕಲ್ಲ ಅಂದರೆ ಬೇರೆ ಗಾಡಿ ಕರೀತಾರೆ. ಏನಾದರೂ ಆದರೆ ಹೊಣೆ ನನ್ನದಾ, ಅಂಗಡಿಯವರದಾ?
ಸರಕು ವಾಹನದ ಚಾಲಕ, ತುಮಕೂರು

ಉತ್ತರ: ತಮ್ಮಾ, ಮೊದಲ ಹೊಣೆ ನಿಮ್ಮದೇ. ಕಹಿ ಅನ್ನಿಸಿದರೂ ನೇರವಾಗಿ ಹೇಳುತ್ತಿದ್ದೇನೆ. ರಾಡು ಅಂಗಡಿಗೆ ಬರುವುದು 12 ಮೀಟರ್ ಉದ್ದ, ಅಂದರೆ ಸುಮಾರು 40 ಅಡಿ. ನಡುವೆ ಮಡಚಿದರೂ 20 ಅಡಿ. ನಿಮ್ಮ ಗಾಡಿಯ ತೊಟ್ಟಿ ಏಳು ಅಡಿ ಚಿಲ್ಲರೆ. ಉಳಿದ ಹದಿಮೂರು ಅಡಿ ಕಬ್ಬಿಣ ರಸ್ತೆಯ ಮೇಲೆ, ಬೈಕ್ ಓಡಿಸುವವನ ಎದೆ ಮಟ್ಟದಲ್ಲಿ ತೂಗುತ್ತಿರುತ್ತದೆ. ನೀವು ಬ್ರೇಕ್ ಒತ್ತಿದಾಗ ಅದು ಹೇಗೆ ಮೇಲೆ ಕೆಳಗೆ ಆಡುತ್ತದೆ ಎಂದು ಹಿಂದೆ ಬರುವವನಿಗೆ ಮಾತ್ರ ಕಾಣುತ್ತದೆ, ಕನ್ನಡಿಯಲ್ಲಿ ನಿಮಗೆ ಕಾಣುವುದಿಲ್ಲ. ಕೆಂಪು ಬಟ್ಟೆ ರಾತ್ರಿ ಕಪ್ಪಾಗಿಯೇ ಕಾಣುತ್ತದೆ.

ಹಿಂದೆ ಒಂದು ಮೀಟರಿನವರೆಗೆ ಚಾಚಬಹುದು ಎಂಬ ಸಡಿಲಿಕೆ ಇತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮಕ್ಕೆ 2014ರಲ್ಲಿ ತಿದ್ದುಪಡಿ ತಂದು ಅದನ್ನು ತೆಗೆದುಹಾಕಿದರು. ಬಟ್ಟೆ ಕಟ್ಟಿದರೆ ಸಾಕು ಎಂಬುದು ಆ ಕಾಲದ ನೆನಪು. ಈಗ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ 1ಎ ಉಪಕಲಮು ನೋಡಿ: ಬದಿಗೆ, ಮುಂದೆ, ಹಿಂದೆ, ಎತ್ತರದಲ್ಲಿ ಮಿತಿ ದಾಟಿ ಸರಕು ಚಾಚಿದ್ದರೆ ಕಾಯ್ದೆಯಲ್ಲಿ ಬರೆದಿರುವ ದಂಡ 20,000, ಜೊತೆಗೆ ಸರಕು ಇಳಿಸುವ ಖರ್ಚು. ರಸ್ತೆಯಲ್ಲಿ ಕಟ್ಟಿಸಿಕೊಳ್ಳುವ ಮೊತ್ತ ರಾಜ್ಯದ ಅಧಿಸೂಚನೆಯಂತೆ ಬೇರೆ ಇರಬಹುದು. ನಿಮಗೆ ಬೇಕಾದ ಮಾತು ಅದೇ ಕಲಮಿನಲ್ಲಿದೆ. ಓಡಿಸಿದವರು ಮಾತ್ರವಲ್ಲ, ಹಾಗೆ ಓಡಿಸಲು ಕಾರಣರಾದವರು, ಓಡಿಸಲು ಬಿಟ್ಟವರು ಕೂಡ ಅದರ ಕೆಳಗೆ ಬರುತ್ತಾರೆ. ನಿಮ್ಮ ವಿಷಯದಲ್ಲಿ ಹಾಗೆ ಹೇರಿಸಿ ಕಳಿಸಿದ್ದು ಅಂಗಡಿಯವರು. ಆದರೆ ತಪಾಸಣೆಯಲ್ಲಿ ಸಿಕ್ಕುವುದು ನೀವು, ಅವರು ಗಲ್ಲಾಪೆಟ್ಟಿಗೆಯ ಹಿಂದೆ ಇರುತ್ತಾರೆ. ಡೆಲಿವರಿ ಚಲನ್ ಮೇಲೆ ರಾಡಿನ ಅಳತೆ, ತೂಕ, ಸಮಯ ಬರೆಸಿಕೊಳ್ಳಿ. 'ಹಾಕ್ಕೊಂಡು ಹೋಗು' ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತು ಅಳಿಸಬೇಡಿ.

ಒಬ್ಬರು ಸತ್ತರೆ ವಿಮಾ ಕಂಪನಿ ಪರಿಹಾರ ಕೊಟ್ಟೀತು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅಜಾಗರೂಕತೆಯ ಸಾವಿಗೆ ಐದು ವರ್ಷದವರೆಗೆ ಜೈಲು ಇದೆ, ಅದಕ್ಕೆ ಯಾವ ಪಾಲಿಸಿಯೂ ಇಲ್ಲ. ಅಂಗಡಿಯಲ್ಲೇ ಕತ್ತರಿಸಿ ಹಾಕಿಸಿ, ಇಲ್ಲವೇ ಉದ್ದ ತೊಟ್ಟಿಯ ಗಾಡಿಗೆ ಬಿಟ್ಟುಕೊಡಿ. ಒಂದು ಬಾಡಿಗೆ ಹೋಗುವ ಸಂಕಟ ನನಗೆ ಗೊತ್ತಿದೆ, ಬಾಡಿಗೆ ಬಾರದ ದಿನ ನಮ್ಮ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿತ್ತೆಂದು ಕಂಡವಳು ನಾನು. ಆದರೂ ಇದನ್ನೇ ಹೇಳುತ್ತೇನೆ.

ಪ್ರಶ್ನೆ: ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಮುಂದಿನ ಲಾರಿಯಿಂದ ಕಲ್ಲಿನ ಚಪ್ಪಡಿ ತುಂಡು ಬಿದ್ದು, ಬೈಕಿನಲ್ಲಿದ್ದ ನನ್ನ ತಮ್ಮ ತೀರಿಕೊಂಡ. ಲಾರಿ ನಿಲ್ಲಿಸಲಿಲ್ಲ, ನಂಬರ್ ಯಾರೂ ನೋಡಿಲ್ಲ. ಪೊಲೀಸರು 'ವಾಹನ ಪತ್ತೆಯಾಗಿಲ್ಲ' ಎನ್ನುತ್ತಿದ್ದಾರೆ. ಏನೂ ಸಿಗುವುದಿಲ್ಲವೇ?
ನೊಂದ ಅಣ್ಣ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ಸಿಗುತ್ತದೆ, ಎರಡು ಕಡೆಯಿಂದ. ವಾಹನ ಪತ್ತೆಯಾಗದಿದ್ದರೆ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನ ಕೆಳಗೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಕೊಡುವ ಯೋಜನೆ 2022ರ ಏಪ್ರಿಲ್‌ನಿಂದ ಇದೆ. ಅಪಘಾತವಾದ ತಾಲ್ಲೂಕಿನ ಅಥವಾ ಉಪವಿಭಾಗದ ಕ್ಲೇಮು ವಿಚಾರಣಾ ಅಧಿಕಾರಿಗೆ ಅರ್ಜಿ ಕೊಡಬೇಕು. ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಿದರೆ ಯಾರೆಂದು ಹೇಳುತ್ತಾರೆ. ಇದಕ್ಕೆ ಕೋರ್ಟು ಬೇಡ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ವಾಹನ ಪತ್ತೆಯಾಗಿಲ್ಲ ಎಂಬ ಪೊಲೀಸ್ ಕಾಗದ ಜೊತೆಗಿರಲಿ.

ಹುಡುಕುವುದನ್ನು ಮಾತ್ರ ಇಷ್ಟಕ್ಕೇ ಬಿಡಬೇಡಿ. ಚಪ್ಪಡಿ ಹೇರಿದ ಲಾರಿ ಹೆದ್ದಾರಿಯಲ್ಲಿ ಟೋಲ್ ದಾಟಿಯೇ ಇರುತ್ತದೆ. ಸಮಯ ನಿಮಗೆ ಗೊತ್ತಿದೆ, ಆಚೆ ಈಚೆಯ ಟೋಲ್‌ಗಳ ಕ್ಯಾಮೆರಾ ದೃಶ್ಯ ತೆಗೆಸಿ ಎಂದು ತನಿಖಾಧಿಕಾರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಎಸ್‌ಪಿ ಕಚೇರಿಗೂ ಕೊಡಿ. ದೃಶ್ಯ ತುಂಬಾ ದಿನ ಉಳಿಯುವುದಿಲ್ಲ. ಬಿದ್ದ ಕಲ್ಲಿನ ತುಂಡನ್ನು ಮಹಜರಿನಲ್ಲಿ ಜಪ್ತಿ ಮಾಡಿದ್ದಾರೆಯೇ ಎಂದೂ ಕೇಳಿ. ಲಾರಿ ಸಿಕ್ಕರೆ 166ರ ಕೆಳಗೆ ಪೂರ್ತಿ ಪರಿಹಾರ ಕೇಳಬಹುದು, ಆಗ ಈ 2 ಲಕ್ಷವನ್ನು ಅದರಲ್ಲಿ ಕಡಿತ ಮಾಡುತ್ತಾರೆ.

ಎರಡನೆಯದನ್ನು ಎಷ್ಟೋ ಮನೆಯವರು ಕೇಳುವುದೇ ಇಲ್ಲ. ಬೈಕ್ ತಮ್ಮನ ಹೆಸರಿನಲ್ಲಿತ್ತೇ? ಚಾಲನಾ ಪರವಾನಗಿ ಇತ್ತೇ? ಹಾಗಿದ್ದರೆ ಅವರದೇ ಬೈಕಿನ ಪಾಲಿಸಿ ತೆಗೆದು, ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲಿನ ಎದುರು ಪ್ರೀಮಿಯಂ ಕಟ್ಟಿದ್ದಾರೆಯೇ ನೋಡಿ. ಕಟ್ಟಿದ್ದರೆ ಸಾವಿಗೆ 15 ಲಕ್ಷ. ಅದರಲ್ಲಿ ತಪ್ಪು ಯಾರದು, ಲಾರಿ ಯಾವುದು ಎಂಬ ಪ್ರಶ್ನೆಯೇ ಬರುವುದಿಲ್ಲ. ಪಾಲಿಸಿ ಸಾಮಾನ್ಯವಾಗಿ ಬೈಕಿನ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ, ಬೈಕ್ ಇನ್ನೂ ಠಾಣೆಯ ಆವರಣದಲ್ಲಿದ್ದರೆ ಪೊಲೀಸರನ್ನು ಕೇಳಿ ಇವತ್ತೇ ತೆಗೆದುಕೊಳ್ಳಿ. ಸಿಗದಿದ್ದರೂ ಚಿಂತೆಯಿಲ್ಲ, ಬೈಕಿನ ನಂಬರ್ ಕೊಟ್ಟು ಕಂಪನಿಯಿಂದ ಪ್ರತಿ ತೆಗೆಸಬಹುದು.